ಸಂಘಕ್ಕೆ ವಯಸ್ಸೆಷ್ಟು?

ಪ್ರಶ್ನೆ: ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿರುವ ಕರ್ನಾಟಕ ಸಂಘ ಯಾವಾಗ ಶುರುವಾಯಿತು? ಅದು ಸುಮ್ನೆ ಒಂದು ಭಾಷಣದ ಹಾಲ್ ಅಲ್ವಾ?
– ಓದುಗರೊಬ್ಬರು, ವಿನೋಬನಗರ

ಉತ್ತರ: ‘ಸುಮ್ನೆ ಹಾಲ್’ ಅಂದ್ರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ ಮಾರಾಯ್ರೇ! ಸಂಘ ಹುಟ್ಟಿದ್ದು 1930ರಲ್ಲಿ. ಆಗ ನಮ್ಮೂರು ಮೈಸೂರು ಸಂಸ್ಥಾನದಲ್ಲಿತ್ತು. ಕನ್ನಡದ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ, ಆ ರಾಜ್ಯಕ್ಕೆ ‘ಕರ್ನಾಟಕ’ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಅಂದರೆ ಸರ್ಕಾರಕ್ಕಿಂತ 43 ವರ್ಷ ಮೊದಲೇ ನಮ್ಮವರು ಆ ಹೆಸರಿನ ಬೋರ್ಡು ಹಾಕಿಕೊಂಡಿದ್ದರು! ಕಟ್ಟಡಕ್ಕೆ ದಾನಿ ಹಸೂಡಿ ವೆಂಕಟಶಾಸ್ತ್ರಿಗಳ ಹೆಸರಿದೆ. ಪ್ರತಿವರ್ಷ ಹೊಸ ಪುಸ್ತಕಗಳಿಗೆ ಬಹುಮಾನವನ್ನೂ ಕೊಡುತ್ತಾರೆ. ಕಾದಂಬರಿಗೆ ಕೊಡುವುದು ಕುವೆಂಪು ಹೆಸರಿನಲ್ಲಿ.

ನಾನು ಮೊದಲು ಅಲ್ಲಿಗೆ ಹೋಗಿದ್ದು ಸಾಹಿತ್ಯಕ್ಕಲ್ಲ, ಮಳೆಗೆ. ಆಷಾಢದ ಸಂಜೆ, ಕೊಡೆ ಮುರಿದಿತ್ತು, ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಒಳಗೆ ಯಾರೋ ಹಳಗನ್ನಡ ಪದ್ಯ ಬಿಡಿಸಿ ಹೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಒದ್ದೆ ಪಂಚೆ ಹಿಂಡುತ್ತಾ ಕೂತೆ. ಮಳೆ ನಿಂತಿದ್ದು ಗೊತ್ತಾಗಲಿಲ್ಲ. ಬಸ್ಸೂ ಹೋಗಿತ್ತು.