ಮಹಾಕಾಮ್ ದಡದ ಜಾಗ: ಗೆಳೆಯನ ಹೆಸರಲ್ಲಿ ಕೊಳ್ಳಬಹುದಾ?

ಮಹಾಕಾಮ್ ನದಿ ಹರಿಯುವುದು ಬೋರ್ನಿಯೋ ದ್ವೀಪದ ಇಂಡೊನೇಷ್ಯಾ ಭಾಗದಲ್ಲಿ, ಪೂರ್ವ ಕಾಲಿಮಂತಾನ್ ಪ್ರಾಂತ್ಯದಲ್ಲಿ. ಕಲ್ಲಿದ್ದಲು ಗಣಿಗಳ ಕೆಲಸಕ್ಕೆ ಅಲ್ಲಿಗೆ ಹೋದ ನಮ್ಮವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಊರಿನ ಹೆಸರು ಬೇರೆ, ಏಜೆಂಟ್ ಹೇಳಿದ ಕಥೆ ಅದೇ. ಆದ್ದರಿಂದ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ವೀಸಾ, ವಿಮಾನ, ಊಟದ ವಿಚಾರ ಬೇರೆ ಕಡೆ ಸಿಗುತ್ತದೆ, ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ನಾನು ಸಾಮರಿಂದಾದಲ್ಲಿ ಕೆಲಸದಲ್ಲಿದ್ದೇನೆ. ಮುವಾರಾ ಮುಂತಾಯ್ ಹತ್ತಿರ ನದಿಗೆ ತಾಗಿದಂತೆ 600 ಚದರ ಮೀಟರ್ ಜಾಗ ಅಗ್ಗಕ್ಕೆ ಬಂದಿದೆ. ವಿದೇಶಿಯರ ಹೆಸರಿಗೆ ಆಗಲ್ಲವಂತೆ. ಇಲ್ಲಿಯ ಸಹೋದ್ಯೋಗಿಯ ಹೆಸರಲ್ಲಿ ಕೊಂಡು, ನಮ್ಮಿಬ್ಬರ ನಡುವೆ ಒಪ್ಪಂದ ಬರೆಸಿಕೊಂಡರೆ ಸಾಕು ಅಂತಾರೆ ಏಜೆಂಟ್. ಮಾರುವವರ ಹತ್ತಿರ ಗ್ರಾಮದ ಮುಖ್ಯಸ್ಥರು ಕೊಟ್ಟ ಕಾಗದವಿದೆ. ಧೈರ್ಯ ಮಾಡಬಹುದಾ ಸರ್?

ಬೇಡ. ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಇಂಡೊನೇಷ್ಯಾದ ಭೂಮಿ ಕಾನೂನು 1960ರದ್ದು. ಪೂರ್ಣ ಒಡೆತನಕ್ಕೆ ಅಲ್ಲಿ ಹಾಕ್ ಮಿಲಿಕ್ ಅನ್ನುತ್ತಾರೆ. ಮನುಷ್ಯರ ಪೈಕಿ ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ಇಷ್ಟು ಎಲ್ಲರಿಗೂ ಗೊತ್ತು. ಅದೇ ಕಾನೂನಿನ 26ನೇ ಕಲಮನ್ನು ಮಾತ್ರ ಯಾರೂ ಓದುವುದಿಲ್ಲ. ವಿದೇಶಿಯ ಕೈಗೆ ಒಡೆತನ ಹೋಗುವಂತೆ ನೇರವಾಗಿ ಮಾಡಿದರೂ ಸುತ್ತಿ ಬಳಸಿ ಮಾಡಿದರೂ ಆ ವ್ಯವಹಾರ ಅಸಿಂಧು. ಜಾಗ ಸರ್ಕಾರಕ್ಕೆ ಹೋಗುತ್ತದೆ. ಕೊಟ್ಟ ಹಣವನ್ನು ವಾಪಸ್ ಕೇಳುವ ಹಕ್ಕೂ ಇಲ್ಲ. ನಿಮ್ಮ ಏಜೆಂಟ್ ಹೇಳಿದ್ದು ಈ ಸುತ್ತಿ ಬಳಸುವ ದಾರಿಯನ್ನೇ.

ಅವರು ಕೊಡುವ ಕಾಗದದ ಕಟ್ಟು ನನಗೆ ಚೆನ್ನಾಗಿ ಗೊತ್ತು. ಗೆಳೆಯ ನಿಮ್ಮಿಂದ ಸಾಲ ಪಡೆದ ಪತ್ರ. ಜಾಗವನ್ನು ನಿಮಗೆ 25 ವರ್ಷ ಬಾಡಿಗೆಗೆ ಕೊಟ್ಟ ಪತ್ರ. ಯಾವತ್ತೂ ರದ್ದಾಗದ ಜಿಪಿಎ, ಅಂದರೆ ಅವನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ. ಇವುಗಳ ಜೊತೆ ಒಂದು ಉಯಿಲು. ನೋಡುವುದಕ್ಕೆ ಭದ್ರವಾಗಿಯೇ ಕಾಣುತ್ತದೆ. ಆದರೆ ಜಮೀನು ವರ್ಗಾವಣೆಗೆ ರದ್ದಾಗದ ಜಿಪಿಎ ಬಳಸುವುದನ್ನು ಅಲ್ಲಿಯ ಸರ್ಕಾರ 1982ರಲ್ಲೇ ನಿಷೇಧಿಸಿದೆ. ಮಿಕ್ಕ ಪತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದ ನ್ಯಾಯಾಧೀಶರಿಗೆ ನಿಮ್ಮ ಉದ್ದೇಶ ತಾನಾಗಿಯೇ ಗೊತ್ತಾಗುತ್ತದೆ. ಕಾಗದ ಜಾಸ್ತಿಯಾದಷ್ಟೂ ಸಾಕ್ಷಿ ಜಾಸ್ತಿ.

ಕೋರ್ಟಿಗೆ ಹೋಗುವ ಪ್ರಶ್ನೆಯೇ ಬರಲ್ಲ, ಗೆಳೆಯ ಒಳ್ಳೆಯವನು ಅಂತೀರಿ. ಇರಬಹುದು. ನಾಳೆ ಅವನು ತೀರಿಕೊಂಡರೆ? ಜಾಗ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ನೀವು ಯಾರೆಂದೇ ಅವರಿಗೆ ಗೊತ್ತಿರುವುದಿಲ್ಲ. ಅವನ ಮದುವೆ ಮುರಿದರೆ ಆ ಜಾಗಕ್ಕೂ ಪಾಲು ಕೇಳುತ್ತಾರೆ. ಅವನು ಅಡ ಇಟ್ಟು ಸಾಲ ತಂದರೆ ಬ್ಯಾಂಕ್ ನಿಮ್ಮನ್ನು ಒಂದು ಮಾತು ಕೇಳುವುದಿಲ್ಲ. ಇದರಲ್ಲಿ ಯಾವುದಕ್ಕೂ ಅವನು ಮೋಸಗಾರನೇ ಆಗಿರಬೇಕಿಲ್ಲ.

ಇನ್ನು ಆ ಗ್ರಾಮದ ಕಾಗದ. ಎಸ್‌ಕೆಟಿ ಅಂತ ಕರೆಯುತ್ತಾರೆ. ನಿಮ್ಮದೂ ಹೀಗೇ ಇರಬೇಕು: ಟೈಪ್ ಮಾಡಿದ ಹಾಳೆ, ಸ್ಕೇಲಿಟ್ಟು ಗೆರೆ ಎಳೆದ ನಕ್ಷೆ, ಚೆಕ್ಕುಬಂದಿ, ಅಕ್ಕಪಕ್ಕದವರ ಸಹಿ, ಮುಖ್ಯಸ್ಥರ ಮೊಹರು, ಮೂಲೆಯಲ್ಲೊಂದು ಮೇತೆರಾಯ್, ಅಂದರೆ ಸ್ಟಾಂಪು. ಇದು ನಮ್ಮ ಊರಿನ ಖಾತೆ ಇದ್ದ ಹಾಗೆ, ಕ್ರಯಪತ್ರ ಅಲ್ಲ. ಸರ್ಕಾರದ 2021ರ 18ನೇ ನಿಯಮಾವಳಿ ಇದನ್ನು ನೇರವಾಗಿಯೇ ಹೇಳಿದೆ: ಇಂಥ ಕಾಗದ ನೋಂದಣಿ ಮಾಡಿಸುವಾಗ ಸುಳಿವಾಗಿ ಬಳಸುವುದಕ್ಕೆ ಮಾತ್ರ. ಒಡೆತನದ ದಾಖಲೆ ಅಂದರೆ ಭೂ ಕಚೇರಿ ಬಿಪಿಎನ್ ಕೊಡುವ ಸರ್ಟಿಫಿಕೇಟ್. ಒಂದೇ ಜಾಗಕ್ಕೆ ಎರಡು ಮೂರು ಎಸ್‌ಕೆಟಿ ಇರುವುದು ಕಾಲಿಮಂತಾನ್‌ನಲ್ಲಿ ಹೊಸದೇನಲ್ಲ. ಅಣ್ಣ ಒಬ್ಬರಿಗೆ ಮಾರಿರುತ್ತಾನೆ, ಚಿಕ್ಕಪ್ಪನ ಮಗ ಇನ್ನೊಬ್ಬರಿಗೆ. ಅರಣ್ಯ ಅಂತ ಗುರುತಿಸಿದ ಜಾಗಕ್ಕೂ ಇಂಥ ಕಾಗದ ಹುಟ್ಟಿಕೊಂಡಿದೆ. ಅದಕ್ಕೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಆ ಹಾಳೆ ಕೈಗೆ ಸಿಕ್ಕರೆ ಮೊದಲು ಸ್ಟಾಂಪು ನೋಡಿ. 10,000 ರುಪಿಯಾದ ಮೇತೆರಾಯ್ ಬಂದದ್ದು 2021ರಲ್ಲಿ. ಅದಕ್ಕೂ ಮುಂಚೆ 6,000 ಮತ್ತು 3,000ದ್ದು ಇತ್ತು. 2012ರ ತಾರೀಖು ಹಾಕಿದ ಕಾಗದದ ಮೇಲೆ 10,000ದ್ದು ಅಂಟಿಸಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಎದ್ದು ಬನ್ನಿ.

ನದಿಯ ಮಾತಂತೂ ನೀವು ಕೇಳಲೇ ಇಲ್ಲ. ನನಗೆ ಜಾಸ್ತಿ ಭಯ ಇರುವುದೇ ಅಲ್ಲಿ. ಚೆಕ್ಕುಬಂದಿಯಲ್ಲಿ ಒಂದು ಕಡೆ ಬರೀ 'ನದಿ' ಅಂತ ಬರೆದಿರುತ್ತಾರೆ. ನದಿ ನಿಂತಲ್ಲಿ ನಿಲ್ಲುತ್ತದಾ? ಮಹಾಕಾಮ್ 900 ಕಿಲೋಮೀಟರಿಗೂ ಉದ್ದದ ನದಿ. ಕಲ್ಲಿದ್ದಲು ತುಂಬಿದ ದೊಡ್ಡ ಬಾರ್ಜ್‌ಗಳು ಅದರಲ್ಲಿ ಓಡಾಡುತ್ತವೆ. ಅಲೆ ಬಡಿದೂ ಬಡಿದೂ ದಡ ಕುಸಿಯುತ್ತದೆ. ಜಾಗ ಗುರುತೇ ಸಿಗದ ಹಾಗೆ ಕೊಚ್ಚಿಹೋದರೆ ಅದನ್ನು ನಾಶವಾದ ಭೂಮಿ ಎಂದು ಘೋಷಿಸುತ್ತಾರೆ. ಸರ್ಟಿಫಿಕೇಟ್ ಇದ್ದವರ ಹಕ್ಕೂ ಅಲ್ಲಿಗೆ ಮುಗಿಯುತ್ತದೆ. ಸಾಲದ್ದಕ್ಕೆ ದಡದ ಅಂಚಿನ ನಿಯಮ ಬೇರೆ ಇದೆ. 2015ರ ಲೋಕೋಪಯೋಗಿ ಸಚಿವಾಲಯದ ನಿಯಮದ ಪ್ರಕಾರ, ಪಟ್ಟಣದ ಹೊರಗೆ, ಒಡ್ಡು ಕಟ್ಟದ ದೊಡ್ಡ ನದಿಯ ಅಂಚಿನಿಂದ ಕನಿಷ್ಠ 100 ಮೀಟರ್ ನದಿಗೇ ಬಿಡಬೇಕು. ನಿಮ್ಮ 600 ಚದರ ಮೀಟರ್ ಪೂರ್ತಿ ಆ 100 ಮೀಟರಿನೊಳಗೇ ಇರಬಹುದು. ಟೇಪ್ ಹಿಡಿದು ಅಳೆದಿದ್ದೀರಾ?

'ಅಲ್ಲಿಯವರೆಲ್ಲ ನೀರಿನ ಮೇಲೇ ಮನೆ ಕಟ್ಟಿದ್ದಾರಲ್ಲ' ಅಂತ ಎಲ್ಲರೂ ವಾದ ಮಾಡುತ್ತಾರೆ. ಹೌದು, ಕಟ್ಟಿದ್ದಾರೆ. ಮುವಾರಾ ಮುಂತಾಯ್‌ನಲ್ಲಿ ಬೀದಿಗಳೇ ಮರದ ಹಲಗೆಯವು. ಉಲಿನ್ ಅನ್ನುವ ಗಟ್ಟಿ ಮರದ ಕಂಬ ನೆಟ್ಟು, ಮೇಲೆ ಹಲಗೆ ಜೋಡಿಸಿದ್ದಾರೆ. ಬೈಕ್ ಹೋದರೆ ಹಲಗೆಗಳು ಒಂದರ ಹಿಂದೆ ಒಂದು ಗಡಗಡ ಅನ್ನುತ್ತವೆ. ಹತ್ತಿರದ ಸೆಮಯಾಂಗ್, ಮೆಲಿಂತಾಂಗ್ ಕೆರೆಗಳು ಮಳೆಗಾಲದಲ್ಲಿ ಸಮುದ್ರದ ಹಾಗೆ ಹರಡುತ್ತವೆ, ಒಣಗಿದಾಗ ದೋಣಿ ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಯವರು ತಲೆಮಾರುಗಳಿಂದ ಅದನ್ನು ನೋಡಿಕೊಂಡೇ ಬದುಕಿದ್ದಾರೆ. ಅವರಿಗೆ ಊರಿದೆ, ನೆಂಟರಿದ್ದಾರೆ, ಯಾರ ಜಾಗ ಎಲ್ಲಿಯವರೆಗೆ ಅಂತ ಹೇಳುವ ಹಿರಿಯರಿದ್ದಾರೆ. ನಿಮ್ಮ ಹತ್ತಿರ ಇರುವುದು ಏಜೆಂಟನ ಫೋನ್ ನಂಬರ್ ಒಂದೇ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಇಂಥ ವ್ಯಾಪಾರದಲ್ಲಿ ಆ ಊರಿನ ಬಡ ಕುಟುಂಬವೂ ಕೆಡುತ್ತದೆ. ಸಾಲದಲ್ಲಿರುವ ಒಬ್ಬ ಮಗನ ಕೈಲಿ ಸಹಿ ಹಾಕಿಸಿ, ಇಡೀ ಮನೆತನದ ಜಾಗ ಮಾರಿಸುತ್ತಾರೆ. ಆಮೇಲೆ ಅಣ್ಣತಮ್ಮಂದಿರ ಜಗಳ ಮುಗಿಯುವುದೇ ಇಲ್ಲ. ದುಡ್ಡು ಮಾಡುವುದು ದಲ್ಲಾಳಿ. ಅಂಥವರನ್ನು ಮನೆಯೊಳಗೆ ಸೇರಿಸಬೇಡಿ.

ಅಲ್ಲೇ ಇರಬೇಕು ಅನ್ನುವ ಆಸೆ ನಿಜವಾಗಿದ್ದರೆ ಸರಿಯಾದ ದಾರಿ ಇದೆ. ವಾಸದ ಪರವಾನಗಿ ಇರುವ ವಿದೇಶಿಯರಿಗೆ ಹಾಕ್ ಪಾಕಾಯ್, ಅಂದರೆ ಬಳಸುವ ಹಕ್ಕು ಸಿಗುತ್ತದೆ. ಸರ್ಕಾರಿ ಜಾಗದ ಮೇಲಾದರೆ ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ನಿಗದಿ ಮಾಡಿದ್ದಾರೆ. ಅಗ್ಗದ ಹಳ್ಳಿ ಮನೆ ಆ ಬೆಲೆಯನ್ನು ಮುಟ್ಟುವುದು ಕಷ್ಟ. ನನ್ನನ್ನು ಕೇಳಿದರೆ ಬಾಡಿಗೆಗೆ ಇರಿ. ಊರಿನಿಂದ ಹಣ ತರಿಸುವುದಿದ್ದರೆ ಬ್ಯಾಂಕಿನ ಅರ್ಜಿಯಲ್ಲಿ ಉದ್ದೇಶ ಏನು ಅಂತ ಬರೆಯಬೇಕಾಗುತ್ತದೆ. ಅಲ್ಲಿ ಸುಳ್ಳು ಬರೆದು ನಮ್ಮ ದೇಶದ ವಿದೇಶಿ ವಿನಿಮಯ ಕಾಯ್ದೆ ಫೆಮಾದ ತಂಟೆಯನ್ನೂ ತಲೆಗೆ ಕಟ್ಟಿಕೊಳ್ಳಬೇಡಿ.

ಪ್ರಶ್ನೆ: ಹೆಂಡತಿ ಇಂಡೊನೇಷ್ಯಾದವಳು. ಅವಳ ಹೆಸರಲ್ಲಿ ಕೊಳ್ಳಬಹುದಲ್ವಾ?

ಆಸ್ತಿ ಬೇರೆ ಬೇರೆ ಅಂತ ಒಪ್ಪಂದ ಇದ್ದರೆ ಮಾತ್ರ. ಇಲ್ಲದಿದ್ದರೆ ಮದುವೆಯಾದ ಮೇಲೆ ಕೊಂಡದ್ದು ಇಬ್ಬರದ್ದೂ ಆಗುತ್ತದೆ, ನೀವು ವಿದೇಶಿ, ಮತ್ತೆ ಅದೇ ತೊಡಕು. ಮೊದಲು ಈ ಒಪ್ಪಂದವನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. ಮದುವೆಯ ನಂತರವೂ ಮಾಡಬಹುದು ಅಂತ 2016ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಹೇಳಿತು. ನೋಟರಿ ಹತ್ತಿರ ಮಾಡಿಸಿ, ಮದುವೆ ದಾಖಲೆಯಲ್ಲೂ ಸೇರಿಸಿ. ಆಮೇಲೆ ಜಾಗ ಅವರದ್ದೇ, ನಿಮ್ಮದಲ್ಲ. ಅದು ಮನಸ್ಸಿಗೆ ಒಪ್ಪಿದರೆ ಮುಂದುವರಿಯಿರಿ.

ಪ್ರಶ್ನೆ: ತೇಲುವ ಮನೆ ಕೊಂಡರೆ ಭೂಮಿ ಕಾನೂನು ಬರಲ್ಲ ಅಂತಾರೆ, ನಿಜವಾ?

ನದಿ ಸರ್ಕಾರದ್ದು. ನಾಳೆ ತೆಗೆಯಿರಿ ಅಂದರೆ ತೆಗೆಯಬೇಕು. ಬೇಡ.

ಪ್ರಶ್ನೆ: ಹೊಸ ರಾಜಧಾನಿ ನುಸಾಂತಾರಾ ಬಂದಮೇಲೆ ನದಿ ಊರುಗಳಲ್ಲಿ ಬೆಲೆ ಹತ್ತು ಪಟ್ಟು ಏರುತ್ತಾ?

ನುಸಾಂತಾರಾ ಇರುವುದು ಕರಾವಳಿಯ ಊರು ಬಾಲಿಕ್ಪಾಪನ್ ಕಡೆ, ಮುವಾರಾ ಮುಂತಾಯ್ ಒಳನಾಡಿನಲ್ಲಿ. ನಕ್ಷೆ ತೆಗೆದು ನೋಡಿ.

ಪ್ರಶ್ನೆ: ಮಹಾಕಾಮ್ ದಡದ ಯೂಪ (ಯಜ್ಞದ ಕಂಬ) ಶಾಸನಗಳ ರಾಜ ಮೂಲವರ್ಮ ಕರ್ನಾಟಕದಿಂದ ಹೋದವನಂತೆ?

ಅಲ್ಲ. ಮುವಾರಾ ಕಾಮಾನ್‌ನಲ್ಲಿ ಸಿಕ್ಕ ಆ ಶಾಸನಗಳು ಸುಮಾರು ಕ್ರಿ.ಶ. 400ರವು, ಸಂಸ್ಕೃತದಲ್ಲಿ, ಪಲ್ಲವ ಲಿಪಿಯಲ್ಲಿವೆ. ಅವನ ಅಜ್ಜನ ಹೆಸರು ಕುಂಡುಂಗ, ಅದು ಅಲ್ಲಿಯದೇ ಹೆಸರು. ಈ ವಾಟ್ಸಾಪ್ ಇತಿಹಾಸವನ್ನು ನನಗೆ ಕಳಿಸುವುದು ನಿಲ್ಲಿಸಿ.

ಪ್ರಶ್ನೆ: ಹಾಗಾದರೆ ಬಾಡಿಗೆ ಮನೆಯನ್ನು ಎಷ್ಟು ವರ್ಷಕ್ಕೆ ಬರೆಸಲಿ?

ಮೊದಲು ಒಂದು ವರ್ಷಕ್ಕೆ. ನೀರು ಏರಿದಾಗ ಮೆಟ್ಟಿಲು ಎಷ್ಟು ಮುಳುಗುತ್ತದೆ, ಇಳಿದಾಗ ದೋಣಿ ಎಲ್ಲಿಯವರೆಗೆ ಬರುತ್ತದೆ ಅಂತ ಎರಡನ್ನೂ ನೋಡಿ. ಕರಾರಿನಲ್ಲಿ ಹಲಗೆ, ಕಂಬದ ರಿಪೇರಿ ಯಾರ ಖರ್ಚು ಅಂತ ಬರೆಸಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.