ಅಣ್ಣನಿಗೋಸ್ಕರ ಸುಳ್ಳು ಅಫಿಡವಿಟ್‌ಗೆ ಸೈನ್ ಹಾಕ್ಬೇಕಾ?

ಹೊಸನಗರದ ಕಡೆಯಿಂದ ಒಬ್ರು ಬರ್ದಿದ್ದಾರೆ. ಅವ್ರ ಅಣ್ಣ ಜಡ್ಜ್ ಆಗಿದ್ರು, ತೀರ್ಪು ಬರೆಯೋ ಮುಂಚೇನೇ ಕೇಸು ಮುಗೀತು ಅಂತ ರಿಜಿಸ್ಟರಲ್ಲಿ ತೋರ್ಸಿದ್ದಕ್ಕೆ ಇಲಾಖಾ ವಿಚಾರಣೆ ನಡ್ದು ಡಿಸ್ಮಿಸ್ ಆದ್ರು. ತಪ್ಪು ಮಾಡಿದ್ದು ಹೌದು, ಆದ್ರೆ ಶಿಕ್ಷೆ ಜಾಸ್ತಿ ಆಯ್ತು, ಇನ್ನೊಂದ್ಸಲ ಯೋಚ್ನೆ ಮಾಡಿ ಅಂತ ಕೋರ್ಟು ಈಗ ಶಿಕ್ಷೆ ಕೊಟ್ಟವ್ರಿಗೇ ಕೇಸನ್ನ ವಾಪಸ್ ಕಳ್ಸಿದೆ. "ಆ ಟೈಮಲ್ಲಿ ಅಮ್ಮನ್ನ ನೋಡ್ಕೊಂಡಿದ್ದು ಅಣ್ಣನೇ, ಅದೇ ಟೆನ್ಶನ್ನಲ್ಲಿ ಹಿಂಗಾಯ್ತು ಅಂತ ನೀನು ಅಫಿಡವಿಟ್ ಕೊಡು" ಅಂತ ಅಣ್ಣ ಹಠ ಹಿಡ್ದಿದ್ದಾರೆ. ಅಮ್ಮನ್ನ ರಿಪ್ಪನ್‌ಪೇಟೆ ಮೇಲೆ ಬಸ್ಸಲ್ಲಿ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದ್ದಿದ್ದು ತಂಗಿ, ಅಂದ್ರೆ ಪತ್ರ ಬರ್ದಿರೋ ಇವ್ರೇ. ಸೈನ್ ಹಾಕ್ದಿದ್ರೆ ತವರು ತಪ್ಪುತ್ತೆ ಅನ್ನೋ ಭಯ ಇವ್ರಿಗೆ.

ಅಕ್ಕ, ಸೈನ್ ಹಾಕ್ಬೇಡಿ. ಆದ್ರೆ ಅಣ್ಣಯ್ಯನ ಕೈ ಬಿಡಿ ಅಂತಾನೂ ನಾನು ಹೇಳ್ತಿಲ್ಲ.

ಮೊದ್ಲು ಅವ್ರಿಗೆ ಸಿಕ್ಕಿರೋದು ಸಣ್ಣ ವಿಷ್ಯ ಅಲ್ಲ ಅಂತ ತಿಳ್ಕೊಳಿ. ಇಲಾಖೆ ಕೊಟ್ಟ ಶಿಕ್ಷೆಗೆ ಕೋರ್ಟು ಸುಮ್ಸುಮ್ನೆ ಕೈ ಹಾಕಲ್ಲ, ಆತ್ಮಸಾಕ್ಷಿಗೇ ಆಘಾತ ಆಗೋಷ್ಟು ವಿಪರೀತ ಇದ್ರೆ ಮಾತ್ರ ಅಂತ 1995ರ ಬಿ.ಸಿ. ಚತುರ್ವೇದಿ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈಗ ನೋಡೋದು ಶಿಕ್ಷೆ ಎಷ್ಟಿರ್ಬೇಕು ಅನ್ನೋದನ್ನ ಅಷ್ಟೇ, ತಪ್ಪು ಮಾಡಿದ್ರೋ ಇಲ್ವೋ ಅನ್ನೋದನ್ನ ಅಲ್ಲ. ಡಿಸ್ಮಿಸ್ ಆದ್ರೆ ಸಾಮಾನ್ಯವಾಗಿ ಮುಂದೆ ಸರ್ಕಾರಿ ಕೆಲ್ಸದ ಬಾಗ್ಲೇ ಬಂದ್, ರಿಮೂವಲ್ ಆದ್ರೆ ಈ ಕೆಲ್ಸ ಹೋಗುತ್ತೆ ಅಷ್ಟೇ ಬೇರೆದಕ್ಕೆ ಅಡ್ಡಿ ಇರಲ್ಲ, ಕಡ್ಡಾಯ ನಿವೃತ್ತಿ ಮಾಡಿದ್ರೆ ಪೆನ್ಶನ್ ಪೂರ್ತಿ ಕೈ ತಪ್ಪಲ್ಲ. ಅಣ್ಣಯ್ಯನಿಗೆ ಆಸೆ ಇರೋದು ಬಹುಶಃ ಈ ಕಡೇದ್ರ ಮೇಲೆ, ಅದು ತಪ್ಪೂ ಅಲ್ಲ.

ಆದ್ರೆ ದಾರಿ ತಪ್ಪು. 2023ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು, ತೀರ್ಪು ಪೂರ್ತಿ ರೆಡಿ ಇಲ್ದೇನೇ ಕೊನೇ ಭಾಗ ಓದಿಬಿಟ್ಟಿದ್ದ ಜಡ್ಜ್ ಒಬ್ರು ಸ್ಟೆನೋಗೆ ಅನುಭವ ಇಲ್ಲ ಅಂತ ಅವ್ರ ತಲೆಗೆ ಕಟ್ಟೋಕೆ ನೋಡಿದ್ರು, ಕೋರ್ಟು ಒಪ್ಲಿಲ್ಲ, ಡಿಸ್ಮಿಸಲ್ಲೇ ಉಳೀತು. ಇನ್ನೊಬ್ರ ಹೆಗಲ ಮೇಲೆ ಹಾಕೋ ನೆಪ ಅಲ್ಲಿ ನಡೆಯಲ್ಲ. ಆಸ್ಪತ್ರೆ ರಿಜಿಸ್ಟರಲ್ಲಿ ಯಾರ ಸಹಿ ಇದೆ ಅಂತ ಒಬ್ರು ಕೇಳಿದ್ರೆ ಮುಗೀತು ಕಥೆ, ರಿಜಿಸ್ಟರಲ್ಲಿ ಸುಳ್ಳು ತೋರ್ಸಿದ್ದಕ್ಕೆ ಸಿಕ್ಕಿಬಿದ್ದ ಮನುಷ್ಯ ಅದನ್ನ ಮುಚ್ಚೋಕೆ ಇನ್ನೊಂದು ಸುಳ್ಳು ದಾಖಲೆ ಕೊಟ್ಟ ಅಂತಾಗುತ್ತೆ. ನಿಮ್ಗೂ ತಪ್ಪಲ್ಲ, ಸುಳ್ಳು ಪ್ರಮಾಣಕ್ಕೆ ಹಿಂದೆ ಐಪಿಸಿ ಸೆಕ್ಷನ್ 193 ಇತ್ತು, ಈಗ ಅದ್ರ ಜಾಗಕ್ಕೆ ಬಂದಿರೋ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 229.

ಇನ್ನೊಂದು ಮಾತು, ನೀವು ಪತ್ರದಲ್ಲಿ ಹೇಳ್ದೇ ಇರೋದು. ಅಡಿಕೆ ಸುಲಿಯೋ ಕಾಲದಲ್ಲಿ ಆಳು ಸಿಗ್ದೇ ಒದ್ದಾಡ್ಕೊಂಡು, ಬೆಳಿಗ್ಗೆ ಕತ್ಲಲ್ಲೇ ಎದ್ದು ಅಮ್ಮನ್ನ ಬಸ್ ಹತ್ತಿಸಿದ್ದು ನೀವು. ಅಣ್ಣಯ್ಯ ಆ ದಿನಗಳನ್ನೂ ತನ್ನ ಹೆಸ್ರಿಗೆ ಬರ್ಕೊಡು ಅಂತಿದ್ದಾರೆ. ನಿಮ್ಗೆ ನಿದ್ದೆ ಬರ್ದೇ ಇರೋದು ಬರೀ ಕಾನೂನಿನ ಭಯಕ್ಕೆ ಅಂತ ನಂಗೆ ಅನ್ಸಲ್ಲ, ಇದು ಚುಚ್ಚಿದೆ, ಚುಚ್ಚಲೇಬೇಕು.

ನಿಜ ಇರೋದನ್ನ ಬರ್ಕೊಡಿ. ಅಮ್ಮನಿಗೆ ಕಾಯಿಲೆ ಇತ್ತು, ಖರ್ಚಿಗೆ ಅಣ್ಣ ದುಡ್ಡು ಕಳ್ಸ್ತಿದ್ರು (ಕಳ್ಸಿದ್ರೆ ಮಾತ್ರ!), ದೂರದಲ್ಲಿದ್ದು ಒದ್ದಾಡ್ತಿದ್ರು, ಕರ್ಕೊಂಡು ಹೋಗ್ತಿದ್ದಿದ್ದು ನಾನು. ಎಷ್ಟು ವರ್ಷದ ಸರ್ವೀಸು, ಮುಂಚೆ ಬೇರೆ ದೂರು ಇತ್ತಾ, ದುಡ್ಡು ತಿಂದ ಆರೋಪ ಇತ್ತಾ, ಅಲ್ಲಿ ತೂಗಿ ನೋಡೋದು ಇವನ್ನೇ, ಅದಕ್ಕೆಲ್ಲ ದಾಖಲೆ ಅವ್ರ ಹತ್ರಾನೇ ಇರುತ್ತೆ.

ಅಣ್ಣಯ್ಯನ ಹತ್ರ ಒಬ್ರೇ ಜಗಳ ಆಡ್ಬೇಡಿ. ಶಿವಮೊಗ್ಗದಲ್ಲಿ ಅವ್ರ ಲಾಯರ್ ಅಲ್ದೇ ಬೇರೆ ಲಾಯರ್ ಒಬ್ರಿಗೆ ನಿಮ್ಮ ಕರಡು ತೋರ್ಸಿ, ಆಮೇಲೆ ಅತ್ತಿಗೆ ಎದ್ರಿಗೇ ಅಣ್ಣಯ್ಯನ ಕೈಗೆ ಕೊಟ್ಟು "ನಾನು ಸೈನ್ ಹಾಕೋದು ಇದಕ್ಕೆ" ಅಂತ ಹೇಳಿ. ಒಂದೆರಡು ಹಬ್ಬ ಮಾತು ಬಿಟ್ರೂ ಬಿಡ್ಲಿ.