ಅಜ್ಜಿಮನೆಯ ಸಾಮಾನು ಫ್ಲ್ಯಾಟಿಗೆ: ಶೆಟ್ಟರ ಪ್ರಶ್ನೆಗೆ ಉತ್ತರ

ಶೆಟ್ಟರೇ, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಹೆಬ್ರಿ ಕಡೆಯ ಅಜ್ಜಿಮನೆಯನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಾರೆ, ಪಾಲಿಗೆ ಬಂದ ಸಾಮಾನನ್ನು ಮಂಗಳೂರಿನ ಕದ್ರಿಯ ಎರಡು ಕೋಣೆಯ ಫ್ಲ್ಯಾಟಿಗೆ ತರಬೇಕು, ಒಳಾಂಗಣ ಮಾಡುವವರು ‘ಪೂರಾ ಹೆರಿಟೇಜ್’ ಎಂದು ಉದ್ದದ ಪಟ್ಟಿ ಕೊಟ್ಟಿದ್ದಾರೆ, ನಿಮ್ಮ ಮನೆಯವರಿಗೆ ಅದು ಹೋಟೆಲಿನ ಸ್ವಾಗತ ಕೊಠಡಿಯಂತೆ ಕಾಣುತ್ತಿದೆ. ವಿಷಯ ಇಷ್ಟು ತಾನೆ? ನಾನು ನಿಮ್ಮ ಮನೆಯವರ ಪಕ್ಷ.

ಆ ಪಟ್ಟಿಯಲ್ಲಿರುವ ಎತ್ತಿನಗಾಡಿಯ ಚಕ್ರ, ಯಕ್ಷಗಾನದ ಕಿರೀಟ, ಅಂಟಿಸುವ ಇಟ್ಟಿಗೆ, ಇವುಗಳಲ್ಲಿ ಒಂದಾದರೂ ನಿಮ್ಮ ಅಜ್ಜಿಮನೆಯ ಚಾವಡಿಯಲ್ಲಿ ಇತ್ತೇ? ಇಲ್ಲದಿದ್ದರೆ ಹೊಡೆದುಹಾಕಿ. ಉಳಿದದ್ದಕ್ಕೆ ನಾನು ಕೇಳುವ ಪ್ರಶ್ನೆ ಒಂದೇ: ಈ ವಸ್ತು ನಿಮ್ಮ ಮನೆಯಲ್ಲಿ ದಿನವೂ ಏನು ಕೆಲಸ ಮಾಡುತ್ತದೆ? ಕೂರಲಿಕ್ಕೆ, ತುಂಬಿಡಲಿಕ್ಕೆ, ಬೆಳಕಿಗೆ, ಮಕ್ಕಳ ಆಟಕ್ಕೆ, ಯಾವುದಕ್ಕಾದರೂ ಸರಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಕೈ ತಾಗದ ವಸ್ತುವಿಗೆ ಒಂದೇ ಮಳೆಗಾಲದಲ್ಲಿ ಬೂಸಲು, ಕಿಲುಬು, ಮರ ಕೊರೆಯುವ ಕುಟ್ಟೆ, ಮೂರೂ ಹಿಡಿಯುತ್ತವೆ. ಕೈ ತಾಗುತ್ತಿರುವ ವಸ್ತುವಿನಲ್ಲಿ ತೊಂದರೆ ಆರಂಭದಲ್ಲೇ ಕಣ್ಣಿಗೆ ಬೀಳುತ್ತದೆ.

ಮೊದಲು ಕಲೆಂಬಿ, ಅಂದರೆ ಅಕ್ಕಿ ತುಂಬಿಡುವ ಮರದ ಪೆಟ್ಟಿಗೆ. ನಿಮ್ಮ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ, ತೂಗುದೀಪವಲ್ಲ. ಸೋಫಾದ ಎದುರು ಇಟ್ಟರೆ ಮೇಜೂ ಆಯಿತು, ಹಾಸಿಗೆ ಬಟ್ಟೆ ತುಂಬಿಡುವ ಜಾಗವೂ ಆಯಿತು. ತರುವ ಮೊದಲು ಕುಟ್ಟೆ ಜೀವಂತವಾಗಿದೆಯೇ ನೋಡಿ. ಪೆಟ್ಟಿಗೆಯನ್ನು ಚೆನ್ನಾಗಿ ಗುಡಿಸಿ ಅಡಿಯಲ್ಲಿ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಒಳಗಿದೆ. ಬರೀ ತೂತು ಇದ್ದು ಪುಡಿ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಹಳೆಯ ಕಥೆ. ಹುಳು ಇದ್ದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಪಾಲಿಷ್ ಇಲ್ಲದ ಒಳಮೈಗೆ ಮತ್ತು ತಳಕ್ಕೆ ಕುಂಚದಿಂದ ಧಾರಾಳವಾಗಿ ಹಚ್ಚಬೇಕು, ತೂತುಗಳಿಗೆ ಸಿರಿಂಜಿನಲ್ಲಿ ಬಿಡಬೇಕು. ಪಾಲಿಷಿನ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಇಂಥ ಪೆಟ್ಟಿಗೆಯಲ್ಲಿ ಮತ್ತೆ ಅಕ್ಕಿ ಹಾಕಬೇಡಿ.

ಮೇಲೆ ಒಬ್ಬರು ಗೇರೆಣ್ಣೆ ಹಚ್ಚಿ ಎಂದಿದ್ದಾರೆ. ಅದು ಸುಳ್ಳಲ್ಲ, ಮಾಡಿನ ಮರಗಳಾದ ಪಕಾಸು, ರೀಪುಗಳಿಗೆ ನಮ್ಮ ಹಿರಿಯರು ಹಚ್ಚುತ್ತಿದ್ದದ್ದು ಅದನ್ನೇ, ಒರಲೆಯೂ ಹತ್ತಿರ ಬರುವುದಿಲ್ಲ. ಆದರೆ ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಮರವನ್ನು ಕಪ್ಪು ಮಾಡುತ್ತದೆ. ಕೈಗೆಟಕದ ಮಾಡಿಗೆ ಅದು ಸರಿ, ಮಕ್ಕಳು ಹತ್ತಿ ಕೂರುವ ಕಲೆಂಬಿಗೆ ಬೇಡವೇ ಬೇಡ.

ಪಾಲಿಷ್ ವಿಚಾರದಲ್ಲಿ ನನ್ನದು ಹಠ. ಗಾಜಿನಂತೆ ಹೊಳೆಯುವ ಪಾಲಿಯುರೇಥೇನ್ ಬಳಿಸಿದರೆ ನೂರು ವರ್ಷದ ಹಲಸಿನ ಮರವೂ ನಿನ್ನೆ ಶೋರೂಮಿನಿಂದ ಬಂದ ಪ್ಲೈವುಡ್ಡಿನಂತೆ ಕಾಣುತ್ತದೆ. ಹಳೆಯ ಪೀಠೋಪಕರಣಕ್ಕೆ ಇದ್ದದ್ದು ಹೆಚ್ಚಾಗಿ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಉಜ್ಜುವ ಫ್ರೆಂಚ್ ಪಾಲಿಷ್. ಅದರ ಗುಣವೆಂದರೆ ಗೀರು ಬಿದ್ದಲ್ಲಿ ಮತ್ತೆ ಸ್ಪಿರಿಟ್ ತಾಗಿಸಿ ಅಷ್ಟನ್ನೇ ಸರಿಪಡಿಸಬಹುದು. ಅವಗುಣವೆಂದರೆ ಒದ್ದೆ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಮಳೆಗಾಲದ ತೇವದಲ್ಲಿ ಹಚ್ಚಿದರೆ ಇಡೀ ಮೈಯೇ ಬೆಳ್ಳಗಾಗುತ್ತದೆ. ಆದ್ದರಿಂದ ಆ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಮಾಡಿಸಿ. ಈ ವರ್ಷ ಸಮಯ ಮೀರಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಜೇನುಮೇಣ ಉಜ್ಜಿ ಬಿಡಿ, ಅವಸರವೇನಿಲ್ಲ. ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಕಾದು ಬೆಂಕಿ ಹಿಡಿಯಬಲ್ಲದು. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ. ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ಹಳೆಯ ಬಣ್ಣ ಇದ್ದರೆ ಒಣಗಿದ್ದನ್ನು ಹಾಗೆಯೇ ಉಜ್ಜಿಸಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಆ ಧೂಳು ಮಕ್ಕಳಿರುವ ಮನೆಗೆ ವಿಷ.

ದಾರಂದವನ್ನು ಬಾಗಿಲು ಸಮೇತ ಗೋಡೆಗೆ ಒರಗಿಸಿ ಕನ್ನಡಿ ಕೂರಿಸುವ ಯೋಜನೆ ಯಾರದೋ ಗೊತ್ತಿಲ್ಲ, ನನಗೆ ರುಚಿಸಲಿಲ್ಲ. ಬಾಗಿಲು ಬಾಗಿಲಾಗಿಯೇ ಇರಲಿ. ದೇವರ ಕೋಣೆಗೆ ಅಳತೆ ಹೊಂದಿದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಳೆಯ ಬಾಗಿಲು ಗಿಡ್ಡ, ತಲೆ ತಗ್ಗಿಸಿ ಒಳಹೋಗಬೇಕು. ಅಲ್ಲಿ ಅದು ಒಪ್ಪುತ್ತದೆ. ಮುಚ್ಚಿಗೆಯ, ಅಂದರೆ ಮರದ ಒಳಚಾವಣಿಯ, ಹಲಗೆಗಳು ಸಿಕ್ಕರೆ ಬಿಡಬೇಡಿ. ಪುಸ್ತಕದ ಕಪಾಟಿಗೆ ಅಷ್ಟು ಹದವಾಗಿ ಒಣಗಿದ ಮರ ಇವತ್ತು ಯಾವ ಸಾಮಿಲ್ಲಿನಲ್ಲೂ ಸಿಗುವುದಿಲ್ಲ. ಬೀಟೆ, ತೇಗದ ತೊಲೆಗಳನ್ನು ಲಾರಿಯಲ್ಲಿ ಸಾಗಿಸುವುದಾದರೆ ಮುಂಚಿತವಾಗಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಈಗ ಲೋಹ. ನಿಮ್ಮ ತೂಗುದೀಪ ಕಂಚಿನದೋ ಹಿತ್ತಾಳೆಯದೋ ಎಂದು ಕೇಳಿದ್ದೀರಿ. ಬೆರಳಿನಲ್ಲಿ ತಟ್ಟಿ ನೋಡಿ: ಕಂಚಿನ ನಾದ ಎಳೆದುಕೊಂಡು ಹೋಗುತ್ತದೆ, ಹಿತ್ತಾಳೆಯದು ಬೇಗ ನಿಲ್ಲುತ್ತದೆ. ಕಂಚು ಎಂದರೆ ತಾಮ್ರಕ್ಕೆ ತವರ ಸೇರಿಸಿದ್ದು. ಗಂಟೆ ಎರಕಕ್ಕೆ ತವರ ಐದರಲ್ಲಿ ಒಂದು ಪಾಲಿನಷ್ಟಿರುತ್ತದೆ, ಅದರಿಂದಲೇ ಆ ನಾದ. ಆದರೆ ಬಿದ್ದರೆ ತಗ್ಗಾಗದೆ ಸೀಳುತ್ತದೆ, ಆಮೇಲೆ ಬೆಸೆಯುವುದು ಕಷ್ಟ. ಹಾಗಾಗಿ ಫ್ಲ್ಯಾಟಿನ ಟೊಳ್ಳು ಬ್ಲಾಕಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಡಿ, ಸ್ಲ್ಯಾಬಿನಿಂದ ಕೊಕ್ಕೆ ಇಳಿಸಿ. ತೂಗುಮಂಚ ಹಾಕುವ ಆಸೆ ಇದ್ದರೆ ಕೊಕ್ಕೆಯ ಜಾಗವನ್ನು ಇಂಜಿನಿಯರರೇ ತೋರಿಸಲಿ, ಅದು ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸವಲ್ಲ.

ತೊಳೆಯಲು ಹುಣಸೆಹುಳಿ, ಬಿಂಬುಳಿ, ದಾರೆಹುಳಿ ಯಾವುದೂ ಆದೀತು. ಹುಳಿ ಹಾಕಿ ಉಜ್ಜಿದ ಮೇಲೆ ಸಾಬೂನಿನಲ್ಲಿ ಪೂರ್ತಿ ತೊಳೆದು ಕೂಡಲೇ ಒರೆಸಿ ಬಿಸಿಲಿಗೆ ಇಡಿ. ಹುಳಿ ಉಳಿದಲ್ಲಿ ಎರಡೇ ದಿನಕ್ಕೆ ಹಸಿರು. ಕೆತ್ತನೆಯ ಸಂದಿನ ಕಪ್ಪನ್ನು ತೆಗೆಯಬೇಡಿ, ಆ ಕಪ್ಪು ಇದ್ದರೇ ಚಿತ್ತಾರ ಎದ್ದು ಕಾಣುವುದು. ಉಜ್ಜಿ ಹೊಳಪು ಕೊಡುವ ಬಫಿಂಗ್ ಯಂತ್ರಕ್ಕೆ ಕೊಟ್ಟರೆ ದೀಪದ ಹಂಸದ ಕೊಕ್ಕೂ ಉಳಿಯುವುದಿಲ್ಲ, ರೆಕ್ಕೆಯೂ ಉಳಿಯುವುದಿಲ್ಲ. ಕಂದುಹಸಿರಿನ ಗಟ್ಟಿ ಪದರ ಇದ್ದರೆ ಇರಲಿ. ತಿಳಿಹಸಿರು ಪುಡಿ ಒರೆಸಿದಷ್ಟೂ ಮತ್ತೆ ಬರುತ್ತಿದ್ದರೆ ಮಾತ್ರ ಅದು ಉಪ್ಪಿನ ಕಾಟ. ಉಳ್ಳಾಲ, ಮಲ್ಪೆ ಕಡೆ ಸಮುದ್ರದ ಗಾಳಿಗೆ ನೇರ ತೆರೆದ ಮನೆಗಳಲ್ಲಿ ಇದು ಹೆಚ್ಚು. ಅಂಥ ವಸ್ತುವನ್ನು ಬಾಲ್ಕನಿಯಿಂದ ಒಳಕ್ಕೆ ತಂದು, ತೊಳೆದು ಪೂರಾ ಒಣಗಿಸಿ, ಮೇಣ ಹಚ್ಚಿ. ತೆಂಗಿನೆಣ್ಣೆ ಬೇಡ, ಅದು ಜಿಗುಟಾಗಿ ಧೂಳು ಹಿಡಿಯುತ್ತದೆ.

ಹಂಡೆಯಲ್ಲಿ ಗಿಡ ನೆಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒದ್ದೆ ಮಣ್ಣು ಮತ್ತು ಗೊಬ್ಬರ ಸೇರಿ ಒಳಗಿನಿಂದ ತಾಮ್ರವನ್ನು ತಿನ್ನುತ್ತವೆ. ಗಿಡ ಬೇಕೇ ಬೇಕಾದರೆ ಕುಂಡವನ್ನು ಹಾಗೆಯೇ ಒಳಗಿಡಿ, ಕೆಳಗೊಂದು ತಟ್ಟೆ ಇರಲಿ. ನೀರು ತುಂಬಿ ಹೂ ತೇಲಿಸುವುದಾದರೆ ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ. ಮಂಗಳೂರಿನಲ್ಲಿ ಡೆಂಗಿ ಸೊಳ್ಳೆಗೆ ನಾವು ವಿಶೇಷ ಆಮಂತ್ರಣ ಕೊಡಬೇಕಾಗಿಲ್ಲ.

ಭರಣಿಗಳಿಗೆ ಹೆಚ್ಚು ಹೇಳುವುದಿಲ್ಲ. ತಳಕ್ಕೆ ತೂತು ಕೊರೆದು ದೀಪ ಮಾಡಿಸಬೇಡಿ, ಸೀಳುತ್ತದೆ. ದೊಡ್ಡದರಲ್ಲಿ ಕೊಡೆ ನಿಲ್ಲಿಸಿ, ಚಿಕ್ಕದರಲ್ಲಿ ಉಪ್ಪಿನಕಾಯಿಯನ್ನೇ ಹಾಕಿ. ಒಳಗಿನ ಹೊಳಪು ಬಿರುಕು ಬಿಟ್ಟಿದ್ದರೆ ತಿನ್ನುವ ವಸ್ತು ಬೇಡ. ಆರಾಮಕುರ್ಚಿಯ ಬೆತ್ತ ಜೋತಿದೆ ಎಂದಿರಿ. ಹರಿದಿಲ್ಲವಾದರೆ ಹೊಸ ಹೆಣಿಗೆ ಬೇಡ. ಅಡಿಭಾಗದಿಂದ ಬಿಸಿನೀರಿನ ಬಟ್ಟೆಯಲ್ಲಿ ಚೆನ್ನಾಗಿ ನೆನೆಸಿ ಗಾಳಿಗೆ ಒಣಗಲು ಬಿಡಿ, ಒಣಗುತ್ತಾ ತಾನೇ ಬಿಗಿಯುತ್ತದೆ.

ಹೆಂಚಿನ ಮೇಲೆ 1865 ಎಂದಿದೆ, 160 ವರ್ಷದ ಹೆಂಚು ಎಂದು ಸಂಭ್ರಮಪಟ್ಟಿದ್ದೀರಿ. ಸ್ವಲ್ಪ ತಾಳಿ. 1865 ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಕಾರ್ಖಾನೆ ಹುಟ್ಟಿದ ಇಸವಿಯನ್ನು ಅಚ್ಚಿನಲ್ಲಿ ಒತ್ತುವುದು ಇಲ್ಲಿನ ಪದ್ಧತಿ, ಹಾಗಾಗಿ ನಿಮ್ಮ ಹೆಂಚು ಅದಕ್ಕಿಂತ ಎಷ್ಟೋ ದಶಕ ಈಚಿನದಾಗಿರಬಹುದು. ಅದರಿಂದ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಒಂದೊಂದು ಹೆಂಚು ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಗೋಡೆ ತುಂಬ ಅಂಟಿಸುವ ಮೊದಲು ಲೆಕ್ಕ ಹಾಕಿ. ನಾನಾದರೆ ಅಕ್ಷರ ಚೆನ್ನಾಗಿ ಮೂಡಿರುವ ಒಂದನ್ನು ಪುಸ್ತಕದ ನಡುವೆ ಒರಗಿಸಿ ಇಡುತ್ತೇನೆ, ಉಳಿದದ್ದನ್ನು ಇನ್ನೂ ಹಂಚಿನ ಮನೆ ಇರುವ ನೆಂಟರಿಗೆ ಕೊಡುತ್ತೇನೆ. ಮಳೆಗಾಲದಲ್ಲಿ ಒಡೆದ ಹೆಂಚಿಗೆ ಬದಲಿ ಸಿಗದೆ ಒದ್ದಾಡುವವರು ಅವರು. ಗಾಜಿನ ಹೆಂಚು ಇದ್ದರೆ ಮಾತ್ರ ಯಾರಿಗೂ ಕೊಡಬೇಡಿ.

ಚೆನ್ನೆಮಣೆಯನ್ನು (ಅಳಗುಳಿಮಣೆಯನ್ನು) ಗೋಡೆಗೆ ಹಾಕುವ ಮಾತು ನಿಮ್ಮದಾಗಿದ್ದರೆ ಹಿಂತೆಗೆದುಕೊಳ್ಳಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜ ಹಾಕಿ ಕಲೆಂಬಿಯ ಮೇಲಿಡಿ. ಆಟಿ ತಿಂಗಳ ಮಳೆಯಲ್ಲಿ ಮಕ್ಕಳು ಮೊಬೈಲ್ ಬಿಟ್ಟು ಕೂರುತ್ತಾರೆ ಎಂದು ಭರವಸೆ ಕೊಡಲಾರೆ, ನೀವಂತೂ ಕೂರುತ್ತೀರಿ.

ತರಬಾರದ್ದೂ ಇದೆ. ದೈವದ ಕೋಣೆಯ ಮೊಗ (ಮುಖವಾಡ), ಕಡ್ಸಲೆ (ಖಡ್ಗ), ಗಗ್ಗರ (ಕಾಲಿನ ಕಡಗ) ಅಲಂಕಾರದ ಸಾಮಾನಲ್ಲ. ಅವು ಎಲ್ಲಿಗೆ ಹೋಗಬೇಕೆಂದು ಕುಟುಂಬದ ಹಿರಿಯರು ಕೂತು ತೀರ್ಮಾನಿಸಲಿ. ಚಾವಡಿಯ ಜಿಂಕೆಕೊಂಬು ಚೆಂದ ಕಾಣಬಹುದು, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಅಜ್ಜ ಮಾಡಿಸಿಟ್ಟ ಪತ್ರ ಇದೆಯೇ ಹುಡುಕಿ, ಇಲ್ಲದಿದ್ದರೆ ಸ್ಥಳಾಂತರಿಸುವ ಮೊದಲು ವಕೀಲರನ್ನೋ ಅರಣ್ಯ ಇಲಾಖೆಯನ್ನೋ ಕೇಳಿ. 2023ರಲ್ಲಿ ಹುಲಿಯುಗುರಿನ ಪದಕಗಳ ಗಲಾಟೆ ಇಡೀ ರಾಜ್ಯ ನೋಡಿದ್ದು ನೆನಪಿರಬಹುದು. ನೂರು ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ತಾಳೆಗರಿಯಂಥ ಹಸ್ತಪ್ರತಿ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತವೆ. ವಿಗ್ರಹವನ್ನೂ ಚಿತ್ರಗಳಿರುವ ಹಸ್ತಪ್ರತಿಯನ್ನೂ ನೋಂದಾಯಿಸಬೇಕಾಗುತ್ತದೆ, ಯಾವುದನ್ನೂ ವಿದೇಶದಲ್ಲಿರುವ ಮಗನಿಗೆ ಕಳುಹಿಸುವಂತಿಲ್ಲ. ತಾಳೆಗರಿಗೆ ಚೌಕಟ್ಟು ಹಾಕಿಸಿ ಬೆಳಕಿಗೆ ತೂಗುಹಾಕುವುದಂತೂ ಅದನ್ನು ಕೊಂದಂತೆ.

ಇಲ್ಲದ್ದನ್ನು ಕೊಳ್ಳುವ ಬಗ್ಗೆ: ಉಡುಪಿಯ ರಥಬೀದಿಯಲ್ಲಿ ಹಿತ್ತಾಳೆ ಸಾಮಾನು ಧಾರಾಳ ಸಿಗುತ್ತದೆ, ಆದರೆ ಹೊಸದನ್ನು ಹೊಸದೆಂದೇ ತಿಳಿದು ಕೊಳ್ಳಿ. ಹಳೆಯದು ಬೇಕಾದರೆ ಗುಜರಿ ಅಂಗಡಿಯವರನ್ನೂ ಮನೆ ಬಿಚ್ಚುವ ಗುತ್ತಿಗೆದಾರರನ್ನೂ ಪರಿಚಯ ಮಾಡಿಕೊಳ್ಳಬೇಕು. ಆ ದಿನದ ಲೋಹದ ದರ ಕೇಳಿಕೊಂಡೇ ಚೌಕಾಸಿಗೆ ಇಳಿಯಿರಿ. ಜೇಬಿನಲ್ಲಿ ಅಯಸ್ಕಾಂತ ಇರಲಿ. ಹಿತ್ತಾಳೆ ಲೇಪದ ಕಬ್ಬಿಣ ಅಲ್ಲೇ ಸಿಕ್ಕಿಬೀಳುತ್ತದೆ. ಸವೆತ ಎಲ್ಲಿದೆ ನೋಡಿ: ಹಿಡಿಯಲ್ಲಿ, ಬಾಯಂಚಿನಲ್ಲಿ, ತಳದಲ್ಲಿ ಸವೆದಿದ್ದರೆ ನಂಬಬಹುದು. ಎಲ್ಲೆಡೆ ಒಂದೇ ಸಮನೆ ಹಸಿರು ಇದ್ದರೆ ಅದು ಆಮ್ಲದ ಕೃಪೆ. ಮರದ ಪೆಟ್ಟಿಗೆಯಲ್ಲಿ ಪ್ಲಸ್ ಗುರುತಿನ ತಲೆಯ ತಿರುಪುಮೊಳೆ ಕಂಡರೆ, ಮಾರುವವರು ಹೇಳುವ ‘ಅರಸರ ಕಾಲ’ದ ಕಥೆಯನ್ನು ನಗುತ್ತಾ ಕೇಳಿಸಿಕೊಳ್ಳಿ.

ಬೆಳಕನ್ನು ಯಾರೂ ಹೇಳಲಿಲ್ಲ. ಕಪ್ಪು ಮರಕ್ಕೆ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಹಾಕಿದರೆ ಮನೆ ಔಷಧಿ ಅಂಗಡಿಯಾಗುತ್ತದೆ. 2700 ಕೆಲ್ವಿನ್ನಿನ ಹಳದಿ ಛಾಯೆಯ ಬಲ್ಬ್ ತಂದು, ಎತ್ತರದಿಂದ ಒಂದೇ ದೊಡ್ಡ ದೀಪದ ಬದಲು ತಗ್ಗಿನಲ್ಲಿ ಎರಡು ಮೂರು ಇಡಿ. ಗೋಡೆಗೆ ಸುಣ್ಣದ ಬಿಳಿ ಸಾಕು. ಅಜ್ಜ ಅಜ್ಜಿಯ ಫೋಟೋಗಳ ಮೂಲಪ್ರತಿಯನ್ನು ಹೊರಗೋಡೆಗೆ ಹಾಕಬೇಡಿ, ಮಳೆಗೆ ಅದು ತೇವ ಎಳೆಯುತ್ತದೆ. ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಹಾಕಿ, ಮೂಲವನ್ನು ಕಪಾಟಿನಲ್ಲಿ ಒಣಗಿದ ಜಾಗದಲ್ಲಿ ಇಡಿ.

ಒಳಾಂಗಣದವರಿಗೆ ಮುಂಗಡ ಕೊಡುವ ಮೊದಲು ಒಂದು ಭಾನುವಾರ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮಕ್ಕೆ ಮನೆಯವರನ್ನೂ ಕರೆದುಕೊಂಡು ಹೋಗಿ. ಕುಂಜೂರು ಚೌಕಿ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು, ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಎನ್ನುವುದನ್ನು ಗಮನಿಸಿ. ವಸ್ತುವಿನ ಹೆಸರು, ಬಳಕೆ ತಿಳಿಯದಿದ್ದರೆ ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ ಇದೆ. ನಿಮಗೆ ಜಾಗ ಸಾಲದ ನೊಗ, ನೇಗಿಲು, ಅಳತೆಯ ಕಳಸಿಗೆಗಳನ್ನು ಗುಜರಿಗೆ ಹಾಕುವ ಮೊದಲು ಅಲ್ಲಿ ಬೇಕೇ ಎಂದು ಕೇಳಿ ನೋಡಿ.

ಕಲೆಂಬಿಯ ಮರ ಯಾವುದೆಂದು ಕೇಳಿದ್ದಕ್ಕೆ ಈಗಲೇ ಉತ್ತರಿಸಲಾರೆ. ನೀವು ಹಾಕಿದ ಫೋಟೋದಲ್ಲಿ ಪಾಲಿಷ್ ಮಾತ್ರ ಕಾಣುತ್ತದೆ. ಅಡಿಯಲ್ಲಿ ಚಾಕುವಿನ ತುದಿಯಿಂದ ಸಣ್ಣದಾಗಿ ಗೀರಿ: ಹಳದಿ ಬಣ್ಣ ಬಂದರೆ ಹಲಸು, ನೇರಳೆ ಛಾಯೆಯ ಕಂದು ಬಂದರೆ ಬೀಟೆ. ಹಗಲು ಬೆಳಕಿನಲ್ಲಿ ಆ ಗೀರಿನ ಹತ್ತಿರದ ಫೋಟೋ ಇಲ್ಲೇ ಹಾಕಿ, ಗುಂಪಿನಲ್ಲಿ ಬಡಗಿ ಕೆಲಸ ಬಲ್ಲವರೂ ಇದ್ದಾರೆ.